ಶುಕ್ರವಾರದಿಂದ ವಾರ ಎಣಿಸಿ

ಕೇಳುಗರಿಗೆ ನಮಸ್ಕಾರ.

ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ದೂರದೂರಿನ ಹಾಸ್ಟೆಲಿಗೆ ಬಿಟ್ಟು ಬಂದವರು ಈ ಹೊತ್ತಿಗೆ ರೇಡಿಯೋ ಹಾಕಿರುತ್ತೀರಿ ಎಂದುಕೊಂಡು ಮಾತಾಡುತ್ತಿದ್ದೇನೆ. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾದ ಎಷ್ಟೋ ಯೆಹೂದಿ ಮನೆಗಳಲ್ಲಿ ಹದಿನೆಂಟು ತುಂಬಿದ ಮಕ್ಕಳು ಕಾಲೇಜಿಗೆ ಸೇರುವ ಮೊದಲು ಒಂದು ವರ್ಷ ಇಸ್ರೇಲಿಗೆ ಹೋಗುತ್ತಾರೆ. ಕೆಲವರು ಓದಲು, ಕೆಲವರು ಸೇವೆಗೆ, ಅಂದರೆ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡಲು, ಆಂಬ್ಯುಲೆನ್ಸಿನಲ್ಲಿ ಕೈಜೋಡಿಸಲು. ಸೇವೆಗೆ ಹೋದವರಲ್ಲಿ ಒಂದಷ್ಟು ಮಂದಿ ತಂಗುವುದು ಜೆರುಸಲೇಮಿನಲ್ಲಲ್ಲ, ಯೆರುಹಾಮಿನಂಥ ಚಿಕ್ಕ ಊರಿನಲ್ಲಿ.

ಯೆರುಹಾಮ್ ಇರುವುದು ನೆಗೆವ್ ಮರುಭೂಮಿಯಲ್ಲಿ, ಬೇರ್ ಶೇವಾ ನಗರದಿಂದ ಸುಮಾರು 30 ಕಿಲೋಮೀಟರ್ ಆಚೆ. 1951ರಲ್ಲಿ ವಲಸೆ ಬಂದವರ ತಾತ್ಕಾಲಿಕ ಶಿಬಿರವಾಗಿ ಶುರುವಾಯಿತು. ಮೊದಲು ರುಮೇನಿಯಾದವರು, ಆಮೇಲೆ ಮೊರಾಕ್ಕೊ, ಇರಾನ್, ನಮ್ಮ ಕೊಂಕಣ ಕರಾವಳಿ ಮತ್ತು ಮುಂಬಯಿಯ ಬೆನೆ ಇಸ್ರೇಲ್ ಎಂಬ ಯೆಹೂದಿ ಕುಟುಂಬಗಳು, ಕೊನೆಗೆ ಹಳೇ ಸೋವಿಯತ್ ನಾಡಿನವರು ಬಂದರು. ಹತ್ತು ಸಾವಿರದ ಆಸುಪಾಸು ಜನ. ಒಂದು ಪೇಟೆ, ಒಂದು ಕೆರೆ, ಬೆಟ್ಟಗಳ ನಡುವೆ ಒಂದು ದೊಡ್ಡ ಕುಳಿ.

ಎಲ್ಲರೂ ಕೇಳುವುದು ಆ ಮರುಭೂಮಿಯ ಬಗ್ಗೆ, ಅಪಾಯದ ಬಗ್ಗೆ. ಪಾತ್ರೆ ಯಾರು ತೊಳೆಯುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಸ್ವಯಂಸೇವಕರ ವರ್ಷ ನಿಲ್ಲುವುದೂ ಬೀಳುವುದೂ ಅಲ್ಲೇ. ಆದ್ದರಿಂದ ಒಂದೇ ಮಾತು ಹೇಳುತ್ತೇನೆ, ಮತ್ತೆ ಮತ್ತೆ ಹೇಳುತ್ತೇನೆ: ವಾರವನ್ನು ಶುಕ್ರವಾರದಿಂದ ಎಣಿಸಬೇಕು.

ಅಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ. ಶುಕ್ರವಾರ ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುತ್ತವೆ, ಬಸ್ಸು ನಿಲ್ಲುತ್ತದೆ. ಸೂರ್ಯಾಸ್ತಕ್ಕೆ 20 ನಿಮಿಷ ಇರುವಾಗ ದೀಪ ಹಚ್ಚಿದರೆ ಶಬ್ಬಾತ್, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿಯ ದಿನ, ಬಂತು. ಅಲ್ಲಿಂದ ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಪಾಲಿಸುವವರು ಒಲೆ ಹಚ್ಚುವುದಿಲ್ಲ, ಸ್ವಿಚ್ ಮುಟ್ಟುವುದಿಲ್ಲ. ಡಿಸೆಂಬರಿನಲ್ಲಿ ದೀಪ ಹಚ್ಚುವ ಹೊತ್ತು ಸಂಜೆ ನಾಲ್ಕು ಕಾಲಿನ ಸುಮಾರಿಗೇ ಬಂದುಬಿಡುತ್ತದೆ.

ಸ್ವಯಂಸೇವಕರು ಒಟ್ಟಿಗೆ ಇರುವ ಒಂದು ಮನೆಯ ಕಥೆ ಹೇಳುತ್ತೇನೆ. ಹೊಸಬರ ಮನೆಗಳಲ್ಲಿ ಮತ್ತೆ ಮತ್ತೆ ನಡೆಯುವ ಕಥೆಯೇ ಇದು, ಹುಡುಗರು ಮಾತ್ರ ಬೇರೆ. ಆರು ಜನ, ಮೂರು ಕೋಣೆ, ಒಂದು ಬಚ್ಚಲು. ಶನಿವಾರದ ಊಟಕ್ಕೆ ಹಮೀನ್ ಮಾಡುವುದೆಂದು ಗೋಡೆಯ ಪಟ್ಟಿಯಲ್ಲಿ ಬರೆದಿದ್ದಾರೆ. ಹಮೀನ್ ಎಂದರೆ ರಾತ್ರಿಯಿಡೀ ಸಣ್ಣ ಕಾವಿನಲ್ಲಿ ಕೂರುವ ಕಾಳು, ಮಾಂಸ, ಆಲೂಗಡ್ಡೆಯ ಅಡುಗೆ. ಗುರುವಾರ ರಾತ್ರಿ ಕಾಳು ನೆನೆಹಾಕಲು ಮರೆತರು. ಶುಕ್ರವಾರ ಎದ್ದದ್ದು ಹತ್ತಕ್ಕೆ. ಅಂಗಡಿಯಿಂದ ಬರುವಾಗ ಒಂದೂವರೆ. ಒಣ ಕಾಳನ್ನೇ ಪಾತ್ರೆಗೆ ಸುರಿದು, ಒಂದು ಕುದಿ ಬಂದದ್ದೇ ಸಾಕೆಂದು ಪ್ಲಾಟಾದ ಮೇಲಿಟ್ಟರು. ಪ್ಲಾಟಾ ಎಂದರೆ ಬರೀ ಬಿಸಿ ಕಾಯ್ದುಕೊಳ್ಳುವ ವಿದ್ಯುತ್ ಹಲಗೆ. ಬೆಂದದ್ದನ್ನು ಬಿಸಿಯಾಗಿಡುತ್ತದೆ, ಬೇಯದ್ದನ್ನು ಬೇಯಿಸುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಹೊಸಬರ ಕಿವಿಗೆ ಬೀಳುವುದಿಲ್ಲ.

ಅಷ್ಟರಲ್ಲಿ ಆರು ಜನಕ್ಕೂ ಸ್ನಾನವಾಗಬೇಕು. ತಾರಸಿಯ ಮೇಲೆ ಸೋಲಾರ್ ಹಂಡೆ ಇದೆ, ಆದರೆ ಮೋಡದ ದಿನ. ಹಂಡೆಯ ಕರೆಂಟು ಹಾಕಿದರು, ಅದೇ ಎರಡೂವರೆ ಕಿಲೋವ್ಯಾಟ್. ಒಬ್ಬ ಓವನ್ನಿನಲ್ಲಿ ಕೋಳಿ ಇಟ್ಟ. ಚಳಿ ಎಂದು ಇನ್ನೊಬ್ಬ ಎರಡು ಕಿಲೋವ್ಯಾಟಿನ ಹೀಟರ್ ಹಚ್ಚಿ ಅದಕ್ಕೆ ಶಬ್ಬಾತ್ ಟೈಮರ್, ಅಂದರೆ ಇಟ್ಟ ಹೊತ್ತಿಗೆ ತಾನೇ ಹತ್ತಿಸಿ ಆರಿಸುವ ಗಡಿಯಾರ, ಸಿಕ್ಕಿಸಿದ. ಹಳೆಯ ಮನೆ, 25 ಆಂಪಿಯರಿನ ಮುಖ್ಯ ಸ್ವಿಚ್ಚು. ಮೂರೂವರೆಗೆ ಟಪ್ ಎಂದು ಬಿತ್ತು. ಎತ್ತಿದರು. ದೀಪ ಹಚ್ಚಿದರು, ಹಾಡಿದರು, ಉಂಡರು. ಗಡಿಬಿಡಿಯಲ್ಲಿ ಹಂಡೆಯನ್ನೂ ಓವನ್ನನ್ನೂ ಆರಿಸಿರಲೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಟೈಮರಿನ ಹೀಟರ್ ಹತ್ತಿಕೊಂಡಿತು, ಮನೆಯೆಲ್ಲ ಕತ್ತಲಾಯಿತು.

ಆರರಲ್ಲಿ ಇಬ್ಬರು ಶಬ್ಬಾತ್ ಪಾಲಿಸುವವರಲ್ಲ, ಅವರು ಎದ್ದು ಸ್ವಿಚ್ ಎತ್ತಬಾರದೇ ಎನ್ನುತ್ತೀರಿ. ಎತ್ತಿದರೂ ಮತ್ತೆ ಬಿಸಿಯಾದ ಆ ಊಟವನ್ನು ಉಳಿದ ನಾಲ್ವರು ಮುಟ್ಟುವುದಿಲ್ಲ. ಶನಿವಾರ ಮಧ್ಯಾಹ್ನ ಮುಚ್ಚಳ ತೆಗೆದರೆ ಕಾಳು ಕಲ್ಲು, ಮಾಂಸ ತಣ್ಣಗೆ. ಎಲ್ಲ ಚೆಲ್ಲಬೇಕಾಯಿತು. ಬ್ರೆಡ್ಡಿಗೆ ಹುಮ್ಮುಸ್ ಸವರಿಕೊಂಡು ದಿನ ಕಳೆದರು, ಯಾರದ್ದು ತಪ್ಪೆಂದು ಜಗಳವಾಡಿದರು, ತಡವಾಗಿ ಮಲಗಿದರು. ಭಾನುವಾರ ಬೆಳಗ್ಗೆ ಎಂಟಕ್ಕೆ ಶಾಲೆಯಲ್ಲಿ ಮೂರು ಮಕ್ಕಳು ಇಂಗ್ಲಿಷ್ ಪುಸ್ತಕ ಹಿಡಿದು ಕಾಯುತ್ತಿದ್ದರು. ಪಾಠ ಹೇಳಬೇಕಾದವನು ಬರಲೇ ಇಲ್ಲ.

ನೋಡಿ, ಶುಕ್ರವಾರ ಕೆಟ್ಟದ್ದು ಭಾನುವಾರದ ತರಗತಿಯಲ್ಲಿ ಕಾಣಿಸಿತು.

ಸರಿಯಾದ ಕ್ರಮ ಬರೆದುಕೊಳ್ಳಿ. ಆರು ಜನಕ್ಕೆ ಎಂಟು ಲೀಟರಿನ ಪಾತ್ರೆ. ಗುರುವಾರ ರಾತ್ರಿ 1 ಲೋಟ ಬಿಳಿ ಬೀನ್ಸ್ ಕಾಳು, 1 ಲೋಟ ಕಾಬೂಲಿ ಕಡಲೆ ನೆನೆಹಾಕಿ. ಶುಕ್ರವಾರ ಬೆಳಗ್ಗೆ ನೆನೆದ ನೀರು ಚೆಲ್ಲಿ, ಹತ್ತರೊಳಗೆ ಒಲೆಯ ಮೇಲಿಡಿ. ಎರಡು ಈರುಳ್ಳಿ ಹುರಿದು, 1 ಕಿಲೋ ಮಾಂಸ, ಕಾಳು, ಮುಕ್ಕಾಲು ಲೋಟ ಬಾರ್ಲಿ, ಎಂಟು ಆಲೂಗಡ್ಡೆ, ಚಿಪ್ಪಿನ ಸಮೇತ ತೊಳೆದ ಆರು ಮೊಟ್ಟೆ. ಎಲ್ಲದರ ಮೇಲೆ ಎರಡು ಬೆರಳು ನೀರು ನಿಲ್ಲಬೇಕು. ಶಬ್ಬಾತ್ ಬಂದ ಮೇಲೆ ನೀರು ಸೇರಿಸುವಂತಿಲ್ಲ, ಹಾಗಾಗಿ ಈಗಲೇ ಅಳತೆ ಸರಿ ಇರಲಿ. ಕಾಳು ಬೆರಳಲ್ಲಿ ಹಿಸುಕಿದರೆ ಮೆದುವಾಗುವ ತನಕ ಬೇಯಿಸಿ, ಆಮೇಲೆ ಪ್ಲಾಟಾ. ಸ್ನಾನ ಎರಡು ಗಂಟೆಗೆ ಶುರು, ಮೂರಕ್ಕೆ ಹಂಡೆ ಬಂದ್, ಓವನ್ ಬಂದ್. ಒಂದು ಹೊತ್ತಿಗೆ ಒಂದೇ ದೊಡ್ಡ ಉಪಕರಣ.

ಶುಕ್ರವಾರದ ಇನ್ನೊಂದು ಕೆಲಸ ಸ್ಪೋಂಜಾ, ಅಂದರೆ ನೆಲ ತೊಳೆಯುವುದು. ಅಂಗಳಕ್ಕೆ ನೀರು ಹಾಕಿ ತಳ್ಳುವ ನಮ್ಮ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಮೆರಿಕದ ಹುಡುಗರಿಗೆ ಹೇಳಿಕೊಡಬೇಕು. ಮೊದಲು ಗುಡಿಸಿ. ಗುಡಿಸದೆ ನೀರು ಸುರಿದರೆ ಮರುಭೂಮಿಯ ನುಣುಪು ಧೂಳು ಕೆಸರಾಗಿ ಮೂಲೆ ಹಿಡಿಯುತ್ತದೆ. ಅರ್ಧ ಬಕೆಟ್ ಸಾಬೂನು ನೀರು ಸಾಕು. ಒಳಕೋಣೆಯಿಂದ ಶುರುಮಾಡಿ ಮಗಾವ್, ಅಂದರೆ ನೀರು ತಳ್ಳುವ ರಬ್ಬರಿನ ಕೋಲು, ಹಿಡಿದು ತೂಬಿನ ಕಡೆಗೆ ಎಳೆಯಿರಿ. ಕೊನೆಗೆ ಅದೇ ಮಗಾವಿಗೆ ಒದ್ದೆ ಬಟ್ಟೆ ಸುತ್ತಿ ಒಂದು ಸಲ ಒರೆಸಿ. ಎಕ್ಸ್‌ಟೆನ್ಷನ್ ಬೋರ್ಡನ್ನು ಮೊದಲೇ ನೆಲದಿಂದ ಎತ್ತಿಡಿ.

ಯೆಹೂದಿ ಆಹಾರ ನಿಯಮದಂತೆ ಹಾಲನ್ನೂ ಮಾಂಸವನ್ನೂ ಬೆರೆಸುವಂತಿಲ್ಲ, ಅದಕ್ಕೇ ಅಡುಗೆಮನೆಯಲ್ಲಿ ಹಾಲಿನದೇ ಬೇರೆ, ಮಾಂಸದ್ದೇ ಬೇರೆ. ನೀಲಿ ಸ್ಪಂಜು ಹಾಲಿನ ಪಾತ್ರೆಗೆ, ಕೆಂಪು ಮಾಂಸದ್ದಕ್ಕೆ. ಹಾಲಿನ ಚಮಚ ಬಿಸಿ ಮಾಂಸದ ಪಾತ್ರೆಗೆ ಬಿತ್ತೆಂದರೆ ತೊಳೆದು ಮುಚ್ಚಿಡಬೇಡಿ, ಹಾಗೇ ಪಕ್ಕಕ್ಕಿಟ್ಟು ರಬ್ಬಿಯನ್ನು, ಅಂದರೆ ಯೆಹೂದಿ ಧರ್ಮಗುರುವನ್ನು, ಕೇಳಿ. ಮಾಂಸ ಉಂಡ ಮೇಲೆ ಹಾಲಿನ ಪದಾರ್ಥಕ್ಕೆ ಒಬ್ಬರ ಮನೆಯ ರೂಢಿ ಆರು ಗಂಟೆ ಕಾಯುವುದು, ಇನ್ನೊಬ್ಬರದ್ದು ಮೂರು. ಇಬ್ಬರೂ ಸರಿ. ಐಸ್ಕ್ರೀಮ್ ತೆಗೆಯುವ ಮೊದಲು ಕೇಳಿದರೆ ಸಾಕು.

ಗಡಿಯಾರ ಓಡುತ್ತಿದೆ, ಶಾಲೆಯ ಕೆಲಸ ಬೇಗ ಹೇಳುತ್ತೇನೆ. ಮೂರು ಮಕ್ಕಳಿಗಿಂತ ಹೆಚ್ಚು ಕೂರಿಸಿಕೊಳ್ಳಬೇಡಿ. ಇಪ್ಪತ್ತು ನಿಮಿಷಕ್ಕೆ ಆರು ಪದ. ವ್ಯಾಕರಣ ಟೀಚರು ಹೇಳಿಕೊಡುತ್ತಾರೆ, ನೀವು ಮಾತಾಡಿಸಿ. ಇದೇ ದಿನ, ಇದೇ ಹೊತ್ತು ಎಂದು ಹೇಳಿದ ಮೇಲೆ ತಪ್ಪಬೇಡಿ. ಎರಡು ಸಲ ತಪ್ಪಿದರೆ ಮೂರನೆಯ ಸಲ ಮಗುವೇ ಬರುವುದಿಲ್ಲ. ಆಂಬ್ಯುಲೆನ್ಸಿನಲ್ಲಿ ಸೇವೆ ಮಾಡುವವರಿಗೆ ಮಾಗೆನ್ ದಾವಿದ್ ಅದೋಮ್ ಸಂಸ್ಥೆಯ 60 ಗಂಟೆಯ ತರಬೇತಿ ಇದೆ, ಹೀಬ್ರೂ ಬಾರದಿದ್ದರೆ ಅಲ್ಲಿ ಕೈ ಕಟ್ಟಿದಂತೆ. ಮರುಭೂಮಿ ಎಂದು ಬರೀ ತೆಳು ಬಟ್ಟೆ ತರಬೇಡಿ, ಜನವರಿಯ ರಾತ್ರಿ ಕಲ್ಲಿನ ನೆಲದಲ್ಲಿ ಕಾಲಿಡಲಾಗುವುದಿಲ್ಲ. ಹೊಸ ಮನೆಗಳಲ್ಲಿ ರಾಕೆಟ್ ದಾಳಿಯ ಹೊತ್ತಿಗೆಂದು ಕಬ್ಬಿಣದ ಕಿಟಕಿಯ ರಕ್ಷಣಾ ಕೋಣೆ ಇರುತ್ತದೆ, ಅದರ ಬಾಗಿಲಿಗೆ ಸೂಟ್‌ಕೇಸ್ ಅಡ್ಡ ಇಡಬೇಡಿ.

ಇನ್ನು ನೆರೆಹೊರೆ. ಬೆನೆ ಇಸ್ರೇಲ್ ಅಜ್ಜಿಯರ ಬಾಯಲ್ಲಿ ಇನ್ನೂ ಮರಾಠಿ ಇದೆ. ಬೆಳಗಾವಿಯ ಕೇಳುಗರು ಹೋದರೆ ನೇರವಾಗಿ ಹರಟೆಗೆ ಕೂರಬಹುದು. ಹರಕೆ ತೀರಿದಾಗ, ಮದುವೆಗೆ ಮುಂಚೆ, ಅವರು ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಲಿದಾ ಮಾಡುತ್ತಾರೆ. ನೆನೆಸಿ ಹಿಂಡಿದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ ಅಥವಾ ಬೆಲ್ಲ, ಏಲಕ್ಕಿ, ಸುತ್ತ ಹಣ್ಣುಗಳು. ನಮ್ಮ ಸಿಹಿ ಅವಲಕ್ಕಿಯೇ! ಹಾಲೂ ಇಲ್ಲ, ಮಾಂಸವೂ ಇಲ್ಲ, ಯಾವ ಊಟದ ಜೊತೆಗೂ ನಡೆಯುತ್ತದೆ. ಕರೆದರೆ ಹೋಗಬೇಕು. ತಟ್ಟೆ ವಾಪಸ್ ಕೊಡುವಾಗ ಬರಿದಾಗಿ ಕೊಡಬಾರದು, ನಾಲ್ಕು ಕಿತ್ತಳೆಯಾದರೂ ಇರಲಿ.

ಶನಿವಾರ ಕತ್ತಲಾಯಿತು, ಮೂರು ನಕ್ಷತ್ರ ಕಂಡವು, ಮೇಣದ ಬತ್ತಿ, ಲವಂಗದ ಪರಿಮಳ, ಶಬ್ಬಾತನ್ನು ಬೀಳ್ಕೊಡುವ ಹವ್ದಾಲಾ ಪ್ರಾರ್ಥನೆ ಮುಗಿಯಿತು. ಆಗಲೇ ಹಮೀನಿನ ಪಾತ್ರೆಗೆ ಬಿಸಿನೀರು ಹುಯ್ದು ನೆನೆಯಲು ಬಿಡಿ. ಪ್ಲಾಟಾದ ಪ್ಲಗ್ ಕಿತ್ತು, ಕಸದ ಚೀಲ ಕೆಳಗಿಳಿಸಿ, ಮುಂದಿನ ಶುಕ್ರವಾರ ಅಂಗಡಿಗೆ ಯಾರು, ಒಲೆಗೆ ಯಾರು, ನೆಲಕ್ಕೆ ಯಾರು ಎಂದು ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿಯೇ ಮಲಗಿ.

ನಮಸ್ಕಾರ.