ಹಿಮ್ಮೇಳಕ್ಕೂ ಸಂಬಳ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಸೈಕಲ್ ತರಬೇತುದಾರ. ಸವಾರರಿಗೆ ಸಂಬಳ ಕೊಡುವ ಒಂದು ಸೈಕಲ್ ತಂಡವನ್ನು ನಮ್ಮ ಭಾಗದಲ್ಲಿ ಕಟ್ಟಲು ಹೊರಟಿದ್ದೇವೆ, ಅದರ ಮಾತು ಇದು.

ಆಷಾಢದಲ್ಲಿ ನಮ್ಮ ಕೊಪ್ಪಳ ಸೀಮೆಯ ಗಾಳಿ ಹೇಗಿರುತ್ತದೆಂದು ನಿಮಗೆ ನಾನು ವರ್ಣಿಸಬೇಕಾಗಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯನ್ನು ಮೂರನೆಯ ಮನೆಯಲ್ಲಿ ಹುಡುಕಬೇಕಾಗುತ್ತದೆ. ಆ ಗಾಳಿಯನ್ನು ನಂಬಿಯೇ ಕುಕನೂರು, ಯಲಬುರ್ಗಾ ಕಡೆಯ ಎರೆ ಹೊಲಗಳಲ್ಲಿ ಗಾಳಿಯಂತ್ರಗಳು ಎದ್ದಿವೆ. ಬೆಳಗಿನ ಆರು ಗಂಟೆಗೆ ನಾನು ಏಳು ಹುಡುಗರನ್ನು ಅವರವರ ಸೈಕಲ್ ಹತ್ತಿಸಿ ಕರೆದೊಯ್ಯುವುದೂ ಅದೇ ಕುಕನೂರು–ಯಲಬುರ್ಗಾ ರಸ್ತೆಗೆ, ಅದೇ ಗಾಳಿಗಾಗಿ.

ರಸ್ತೆ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತದೆ. ಗಾಳಿ ಪಡುವಣದಿಂದ ಬಂದು ಎಡ ಭುಜಕ್ಕೆ ಬಡಿಯುತ್ತದೆ. ಎದುರುಗಾಳಿಯಾದರೆ ಒಬ್ಬರ ಹಿಂದೆ ಒಬ್ಬರು ನೆಟ್ಟಗೆ ಸಾಲುಗಟ್ಟಿದರೆ ಸಾಕು, ಮುಂದಿನವನ ಬೆನ್ನೇ ಹಿಂದಿನವನಿಗೆ ಗೋಡೆ. ಅಡ್ಡಗಾಳಿಗೆ ಆ ಉಪಾಯ ನಡೆಯುವುದಿಲ್ಲ. ಆಗ ಮೊದಲನೆಯವನು ರಸ್ತೆಯ ಎಡ ಅಂಚಿನಲ್ಲಿ ಇರುತ್ತಾನೆ. ಎರಡನೆಯವನು ಅವನಿಗಿಂತ ಸ್ವಲ್ಪ ಹಿಂದೆ, ಸ್ವಲ್ಪ ಬಲಕ್ಕೆ. ಅವನ ಮುಂಗಾಲಿ ಮೊದಲನೆಯವನ ಹಿಂಗಾಲಿಯ ಮಗ್ಗುಲಿಗೆ ಬಂದಿರುತ್ತದೆ. ಮೂರನೆಯವನು ಇನ್ನೂ ಬಲಕ್ಕೆ. ಸಂಜೆ ಕೆರೆಯಿಂದ ಗೂಡಿಗೆ ಮರಳುವ ಬೆಳ್ಳಕ್ಕಿಗಳ ಓರೆ ಸಾಲನ್ನು ನೀವು ನೋಡಿದ್ದೀರಲ್ಲ, ಹಾಗೆ. ಮೊದಲನೆಯವನು ಅರ್ಧ ನಿಮಿಷ ಗಾಳಿಯನ್ನು ಮೈಮೇಲೆ ತೆಗೆದುಕೊಂಡು ಪಕ್ಕಕ್ಕೆ ಸರಿದು ಹಿಂದೆ ಬರುತ್ತಾನೆ, ಎರಡನೆಯವನು ಮುಂದಾಳಾಗುತ್ತಾನೆ. ಡಚ್ಚರು ಈ ಸಾಲಿಗೆ ಬೀಸಣಿಗೆ ಎನ್ನುತ್ತಾರೆ.

ರಸ್ತೆಯ ನಡುಗೆರೆಯನ್ನು ಯಾರೂ ದಾಟಬಾರದು ಎಂಬುದು ನನ್ನ ಕಟ್ಟಪ್ಪಣೆ. ಹಾಗಾಗಿ ಆರು ಜನ ಓರೆಯಾಗಿ ನಿಂತರೆ ರಸ್ತೆಯ ನಮ್ಮ ಪಾಲು ಮುಗಿಯಿತು. ಏಳನೆಯವನಿಗೆ ಆಸರೆಯಿಲ್ಲ. ಅವನು ಆರನೆಯವನ ಹಿಂದೆ ಬರಿಗಾಳಿಯಲ್ಲಿ ತೂಗಾಡುತ್ತಾನೆ, ಹ್ಯಾಂಡಲ್ ನಡುಗುತ್ತದೆ, ಐದೇ ನಿಮಿಷದಲ್ಲಿ ಒಂದು ಫರ್ಲಾಂಗು ಹಿಂದೆ ಬೀಳುತ್ತಾನೆ. ಆ ಏಳನೆಯವನನ್ನು ಒಳಗೆ ಸೇರಿಸಿಕೊಳ್ಳಲು ಆರರಲ್ಲಿ ಒಬ್ಬನು ತಾನಾಗಿಯೇ ಹೊರಗೆ ಬಂದ ದಿನ, ಇವರಿಂದ ಒಂದು ತಂಡ ಕಟ್ಟಬಹುದು ಎಂದು ನನಗೆ ಮೊದಲ ಬಾರಿಗೆ ಅನ್ನಿಸಿತು.

ಏಕೆಂದರೆ ನಾವು ಬೆಳೆದದ್ದು ಜಾತ್ರೆಯ ಸೈಕಲ್ ಸ್ಪರ್ಧೆಗಳಲ್ಲಿ. ಗೇರ್ ಇರುವ ಸೈಕಲ್ಲಿನದು ಒಂದು ಓಟ, ಗೇರ್ ಇಲ್ಲದ್ದು ಇನ್ನೊಂದು. ಅಲ್ಲಿ ಪ್ರತಿಯೊಬ್ಬನೂ ತನಗಾಗಿ ತುಳಿಯುತ್ತಾನೆ, ಗೆದ್ದವನು ನಗದನ್ನೋ ಬೆಳ್ಳಿಯ ಕಡಗವನ್ನೋ ಮನೆಗೆ ಒಯ್ಯುತ್ತಾನೆ. ನಾನೂ ಹಾಗೆಯೇ ತುಳಿದವನು. ವೃತ್ತಿಪರ ರಸ್ತೆ ಸೈಕ್ಲಿಂಗ್ ಬೇರೆಯೇ ಲೋಕ. ಅಲ್ಲಿ ಮೊದಲು ಗೆರೆ ದಾಟುವುದು ಒಬ್ಬನೇ, ಅವನನ್ನು ದಾಟಿಸಿದವರು ಏಳು ಜನ. ಪ್ರತಿ ವರ್ಷ ಫ್ರಾನ್ಸ್ ದೇಶದಲ್ಲಿ ನಡೆಯುವ ದೊಡ್ಡ ಸೈಕಲ್ ಸ್ಪರ್ಧೆ, ಇಂದಿನ ಟೂರ್ ದ ಫ್ರಾನ್ಸ್‌ನಲ್ಲಿ ಒಂದು ತಂಡಕ್ಕೆ 8 ಸವಾರರು, ದಿನಕ್ಕೊಂದರಂತೆ 21 ಹಂತಗಳು. ಆ ಎಂಟರಲ್ಲಿ ಹೆಚ್ಚಿನವರಿಗೆ ಗೆಲ್ಲುವ ಅಪ್ಪಣೆಯೇ ಇರುವುದಿಲ್ಲ. ಗಾಳಿಗೆ ಮೈಯೊಡ್ಡುವುದು, ತಂಡದ ಕಾರಿನ ಬಳಿಗೆ ಹಿಂದೆ ಹೋಗಿ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ಮತ್ತೆ ಮುಂದೆ ಬಂದು ಹಂಚುವುದು, ಇದು ಅವರ ಕೆಲಸ. ಫ್ರೆಂಚರು ಅವರನ್ನು ಡೊಮೆಸ್ಟಿಕ್ ಎನ್ನುತ್ತಾರೆ, ಅಂದರೆ ಮನೆಯಾಳು. 1911ರಲ್ಲಿ ಟೂರ್‌ನ ಸ್ಥಾಪಕ ಆನ್ರಿ ದೆಗ್ರಾಂಜ್ ಒಬ್ಬ ಸವಾರನನ್ನು ಹೀಯಾಳಿಸಲು ಬಳಸಿದ ಮಾತು ಅದು. ನನಗೆ ಆ ಮಾತು ಹಿಡಿಸುವುದಿಲ್ಲ. ನಮ್ಮ ಬಯಲಾಟದಲ್ಲಿ ಹಿಮ್ಮೇಳವಿದೆ. ವೇಷಧಾರಿ ಕುಣಿಯುವುದು ಹಿಮ್ಮೇಳದ ಬಲದಿಂದ, ಅವರನ್ನು ಯಾರೂ ಆಳುಗಳೆಂದು ಕರೆಯುವುದಿಲ್ಲ. ನಮ್ಮ ಹುಡುಗರಿಗೆ ನಾನು ಹಿಮ್ಮೇಳ ಎಂದೇ ಹೇಳಿಕೊಟ್ಟಿದ್ದೇನೆ.

1934ರ ಟೂರ್‌ನಲ್ಲಿ ಫ್ರಾನ್ಸ್ ತಂಡದಲ್ಲಿ ರೆನೆ ವಿಯೆಟೊ ಎಂಬ ಇಪ್ಪತ್ತು ವರ್ಷದ ಹುಡುಗನಿದ್ದ. ಬೆಟ್ಟ ಹತ್ತುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಒಂದು ಇಳಿಜಾರಿನಲ್ಲಿ ತಂಡದ ನಾಯಕ ಆಂತೊನಾಂ ಮಾಞನ ಚಕ್ರ ಮುರಿಯಿತು. ವಿಯೆಟೊ ತನ್ನ ಮುಂಗಾಲಿಯನ್ನು ಬಿಚ್ಚಿಕೊಟ್ಟು, ಬದಲಿ ಚಕ್ರಕ್ಕಾಗಿ ಕಾಯುತ್ತಾ ರಸ್ತೆ ಬದಿಯ ಕಲ್ಲುಗೋಡೆಯ ಮೇಲೆ ಕುಳಿತು ಅತ್ತ. ಮರುದಿನ ಮತ್ತೆ ನಾಯಕನ ಸೈಕಲ್ ಕೆಟ್ಟಿತು. ಮುಂದೆ ಹೋಗಿದ್ದ ಹುಡುಗ ಬೆಟ್ಟವನ್ನು ತಿರುಗಿ ಹತ್ತಿ ಬಂದು ನೆರವಾದ. ಮಾಞ ಆ ವರ್ಷ ಗೆದ್ದ, ವಿಯೆಟೊ ಐದನೆಯವನಾದ. ಟೂರ್ ಗೆಲ್ಲುವ ಯೋಗ ಅವನಿಗೆ ಮುಂದೆಂದೂ ಬರಲಿಲ್ಲ. ಈ ಕಥೆಯನ್ನು ಜನ ತ್ಯಾಗದ ಕಥೆಯೆಂದು ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಲೆಕ್ಕ. ಇನ್ನೊಬ್ಬನಿಗಾಗಿ ಚಕ್ರ ಬಿಚ್ಚಿಕೊಡು ಎಂದು ಒಬ್ಬ ಬಡವರ ಮನೆಯ ಹುಡುಗನಿಗೆ ಹೇಳುವ ಮೊದಲು, ಅವನ ಮನೆಯ ಒಲೆ ಉರಿಯುತ್ತದೆ ಎಂಬ ಖಾತ್ರಿಯನ್ನು ನಾನು ಕೊಟ್ಟಿರಬೇಕು. ಬಹುಮಾನದ ಹಣವನ್ನು ತಂಡವೆಲ್ಲ ಹಂಚಿಕೊಳ್ಳುವ ಸಂಪ್ರದಾಯ ಯುರೋಪಿನಲ್ಲಿದೆ, ಒಳ್ಳೆಯದು. ಆದರೆ ಬಹುಮಾನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಂಬಳ ಪ್ರತಿ ತಿಂಗಳೂ ಬರಬೇಕು.

ತಂಡ ಕಟ್ಟುತ್ತೇನೆಂದು ಹೊರಟವರು ಸಾಮಾನ್ಯವಾಗಿ ಮೊದಲು ಅಂಗಿಯ ಬಣ್ಣ ಆರಿಸುತ್ತಾರೆ, ಆಮೇಲೆ ಸೈಕಲ್ ನೋಡುತ್ತಾರೆ. ಕಾರ್ಬನ್ ಚೌಕಟ್ಟಿನ ಒಂದು ಒಳ್ಳೆಯ ರೇಸ್ ಸೈಕಲ್ಲಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ಎಷ್ಟೇ ಸುರಿದರೂ 6.8 ಕಿಲೊಗಿಂತ ಹಗುರವಾದದ್ದನ್ನು ಸ್ಪರ್ಧೆಗೆ ತರುವಂತಿಲ್ಲ, ಅದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮ. ಈ ಖರ್ಚು ಕಣ್ಣಿಗೆ ಕಾಣುವ ಖರ್ಚು, ಕೊಡುವವರೂ ಸಿಗುತ್ತಾರೆ. ಯಾರೂ ಕೊಡಲು ಮುಂದಾಗದ ಖರ್ಚೆಂದರೆ ಹದಿಮೂರನೆಯ ತಿಂಗಳ ಸಂಬಳ, ಅಂದರೆ ಎರಡನೆಯ ವರ್ಷದ ಮೊದಲ ಸಂಬಳ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದಲ್ಲಿ ಒಂದು ತಂಡ ಶುರುವಾಯಿತು, ತರಬೇತುದಾರನಾಗಿ ನನ್ನನ್ನು ಕರೆದರು. ಉದ್ಘಾಟನೆಗೆ ಶಾಮಿಯಾನ, ಹಾರ, ಪತ್ರಿಕೆಯಲ್ಲಿ ಚಿತ್ರ, ಎಲ್ಲವೂ ಆಯಿತು. ಐದನೆಯ ತಿಂಗಳಿಗೆ ಪ್ರಾಯೋಜಕರ ಹಣ ನಿಂತಿತು. ಕರಾರು ಒಂದು ಹಾಳೆಯ ಮೇಲಿತ್ತು, ಅದರಲ್ಲಿ ಸಂಬಳದ ಮಾತೇ ಇರಲಿಲ್ಲ. ಕಾಲೇಜು ಬಿಟ್ಟು ಬಂದಿದ್ದ ಹುಡುಗನೊಬ್ಬ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರಲು ಹೋದ. ಅವನ ತಾಯಿ ನನ್ನನ್ನು ಬೈಯಲಿಲ್ಲ. "ಸರ್, ಇದು ಎರಡನೆಯ ವರ್ಷಕ್ಕೂ ಇರುತ್ತದೆಯೇ ಎಂದು ನೀವಾದರೂ ಮೊದಲು ಕೇಳಬೇಕಿತ್ತಲ್ಲ" ಎಂದರು. ಅಷ್ಟೇ ಹೇಳಿದ್ದು. ಕೇಳಬೇಕಾಗಿತ್ತು, ನಾನು ಕೇಳಿರಲಿಲ್ಲ.

ಇದು ನಮ್ಮ ಊರಿನ ಬಡತನದ ಕಥೆ ಮಾತ್ರವಲ್ಲ. 2011ರಲ್ಲಿ ಎಚ್‌ಟಿಸಿ–ಹೈರೋಡ್ ತಂಡದ ಮಾರ್ಕ್ ಕ್ಯಾವೆಂಡಿಶ್ ಟೂರ್‌ನಲ್ಲಿ ಐದು ಹಂತಗಳನ್ನು ಗೆದ್ದು, ಅತಿ ಹೆಚ್ಚು ಅಂಕ ಗಳಿಸಿದವನಿಗೆ ಸಿಗುವ ಹಸಿರು ಅಂಗಿ ತೊಟ್ಟರು. ಜಗತ್ತಿನಲ್ಲಿ ಅತಿ ಹೆಚ್ಚು ಗೆಲ್ಲುತ್ತಿದ್ದ ತಂಡಗಳಲ್ಲಿ ಅದು ಒಂದು. ಅದೇ ವರ್ಷದ ಕೊನೆಗೆ ಹೊಸ ಪ್ರಾಯೋಜಕರು ಸಿಗದೆ ಆ ತಂಡ ಮುಚ್ಚಿತು. ಈ ಆಟಕ್ಕೆ ಕ್ರೀಡಾಂಗಣವಿಲ್ಲ, ಟಿಕೆಟ್ಟಿಲ್ಲ. ಜನ ರಸ್ತೆ ಬದಿಯಲ್ಲಿ ನಿಂತು ಪುಕ್ಕಟೆ ನೋಡುತ್ತಾರೆ, ಟಿ.ವಿ. ಹಕ್ಕಿನ ಹಣ ಬಹುಮಟ್ಟಿಗೆ ಸ್ಪರ್ಧೆ ನಡೆಸುವವರಿಗೆ ಹೋಗುತ್ತದೆ. ತಂಡಕ್ಕೆ ಉಳಿಯುವುದು ಅಂಗಿಯ ಮೇಲಿನ ಹೆಸರು ಕೊಡುವ ಹಣ ಮಾತ್ರ. ಅಗ್ರ ತಂಡಗಳ ವರ್ಷದ ವೆಚ್ಚ ನೂರಾರು ಕೋಟಿ ರೂಪಾಯಿ, ಆದರೂ ಅವು ಒಂದೇ ಕಂಬದ ಮೇಲೆ ನಿಂತ ಮನೆಗಳು.

ದಕ್ಷಿಣ ಆಫ್ರಿಕಾದಿಂದ ಬಂದ ಎಂಟಿಎನ್–ಕ್ಯುಬೇಕಾ ತಂಡದ ಕಥೆಯನ್ನು ನಾನು ಹುಡುಗರಿಗೆ ಮೇಲಿಂದ ಮೇಲೆ ಹೇಳುತ್ತೇನೆ. ಶಾಲೆಗೆ ದೂರದಿಂದ ನಡೆದು ಬರುವ ಮಕ್ಕಳಿಗೆ ಸೈಕಲ್ ಕೊಡುವ ಸಂಸ್ಥೆಯ ಹೆಸರನ್ನು ಆ ತಂಡ ಅಂಗಿಯ ಮೇಲೆ ಹಾಕಿಕೊಂಡಿತು. 2015ರಲ್ಲಿ ಟೂರ್ ದ ಫ್ರಾನ್ಸ್ ಸೇರಿದ, ಆಫ್ರಿಕಾದಲ್ಲಿ ನೋಂದಣಿಯಾದ ಮೊದಲ ವೃತ್ತಿಪರ ತಂಡವಾಯಿತು. ಎರಿಟ್ರಿಯಾದ ಡೇನಿಯಲ್ ಟೆಕ್ಲೆಹೈಮನೊಟ್ ಬೆಟ್ಟದ ಸವಾರನ ಕೆಂಪು ಚುಕ್ಕಿಯ ಅಂಗಿ ತೊಟ್ಟರು. ಮಂಡೇಲಾ ದಿನವಾದ ಜುಲೈ 18ರಂದು ಅದೇ ತಂಡದ ಸ್ಟೀವ್ ಕಮಿಂಗ್ಸ್ ಒಂದು ಹಂತ ಗೆದ್ದರು. ಹಲವು ಹೆಸರು ಬದಲಿಸಿದ ಆ ತಂಡವೂ 2021ರ ಕೊನೆಗೆ ಹಣವಿಲ್ಲದೆ ನಿಂತಿತು. ಆದರೆ ಅವರು ತೆರೆದ ದಾರಿ ಉಳಿಯಿತು. 2024ರಲ್ಲಿ ಎರಿಟ್ರಿಯಾದ ಬಿನಿಯಮ್ ಗಿರ್ಮೇ ಮೂರು ಹಂತಗಳನ್ನು ಗೆದ್ದು ಹಸಿರು ಅಂಗಿಯನ್ನು ತಮ್ಮದಾಗಿಸಿಕೊಂಡರು. ನಮ್ಮ ರಾಜ್ಯದಲ್ಲಿಯೂ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿತಲ್ಲ. ಆ ಸೈಕಲ್ಲುಗಳ ಮೇಲೆ ಹಳ್ಳಿಯಿಂದ ಹೈಸ್ಕೂಲಿಗೆ ಹೋದ ಹೆಣ್ಣುಮಕ್ಕಳ ಸಾಲನ್ನು ನೀವೆಲ್ಲ ಕಂಡಿದ್ದೀರಿ. ಬುನಾದಿ ನಮ್ಮಲ್ಲಿ ಇದೆ. ಅದರ ಮೇಲೆ ಗೋಡೆ ಏಳಲಿಲ್ಲ.

ಈಗ ನೋಂದಣಿಯ ವಿಷಯ. ಪುರುಷರ ತಂಡಗಳಲ್ಲಿ ಮೂರು ದರ್ಜೆಗಳಿವೆ: ವರ್ಲ್ಡ್ ಟೀಮ್, ಪ್ರೊ ಟೀಮ್, ಕಾಂಟಿನೆಂಟಲ್. ಹೊಸಬರ ಬಾಗಿಲು ಕೊನೆಯದು. ಭಾರತೀಯ ಸೈಕ್ಲಿಂಗ್ ಒಕ್ಕೂಟದ ಮೂಲಕ ಅರ್ಜಿ ಹೋಗಬೇಕು, ಬ್ಯಾಂಕ್ ಖಾತರಿ ಇಡಬೇಕು, ಪ್ರತಿ ಸವಾರನೊಂದಿಗೂ ಲಿಖಿತ ಕರಾರು ಇರಬೇಕು, ಸಾಮಾನ್ಯವಾಗಿ ಹದಿನಾರಕ್ಕಿಂತ ಹೆಚ್ಚು ಸವಾರರು ಇರುವಂತಿಲ್ಲ. ಆದರೆ ಈ ದರ್ಜೆಯಲ್ಲಿ ಕನಿಷ್ಠ ಸಂಬಳವನ್ನು ಅಂತರರಾಷ್ಟ್ರೀಯ ಒಕ್ಕೂಟ ನಿಗದಿ ಮಾಡಿಲ್ಲ. ಮೇಲಿನ ಎರಡು ದರ್ಜೆಗಳಿಗೆ ಮಾಡಿದೆ. ಯಾರಿಗೆ ರಕ್ಷಣೆ ಹೆಚ್ಚು ಬೇಕೋ ಅವರಿಗೇ ಅದಿಲ್ಲ, ಇದು ನನ್ನ ದೊಡ್ಡ ತಕರಾರು. ಅದಕ್ಕಾಗಿ ನಮ್ಮ ಕರಾರಿನಲ್ಲಿ ಸಂಬಳದ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿದ್ದೇವೆ. ನಾಯಕನಿಗೂ ಹಿಮ್ಮೇಳಕ್ಕೂ ಮೂಲ ಸಂಬಳ ಒಂದೇ. ವರ್ಷದ ಪೂರ್ತಿ ಸಂಬಳ ಬ್ಯಾಂಕಿನಲ್ಲಿ ಬಂದು ಕೂರುವವರೆಗೆ ಒಬ್ಬ ಹುಡುಗನ ಸಹಿಯನ್ನೂ ತೆಗೆದುಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. ಒಬ್ಬ ದೊಡ್ಡ ಪ್ರಾಯೋಜಕರ ಬದಲು ಬೀಜ, ಗೊಬ್ಬರದ ಅಂಗಡಿಯವರು, ಅಕ್ಕಿ ಗಿರಣಿಯವರು, ಬಟ್ಟೆ ವ್ಯಾಪಾರಿಗಳು, ಹೀಗೆ ಹತ್ತಿಪ್ಪತ್ತು ಜನರಿಂದ ಸಣ್ಣ ಸಣ್ಣ ಪಾಲು ಪಡೆಯುತ್ತಿದ್ದೇವೆ. ಅಂಗಿಯ ಮೇಲೆ ಹೆಸರುಗಳು ಚಿಕ್ಕದಾಗಿ ಕಾಣುತ್ತವೆ. ಇಬ್ಬರು ಕೈಬಿಟ್ಟರೂ ತಂಡ ನಡೆಯುತ್ತದೆ.

ಸಿಬ್ಬಂದಿಯಲ್ಲಿ ಮೊದಲು ಸಂಬಳಕ್ಕೆ ತೆಗೆದುಕೊಂಡದ್ದು ಮೆಕ್ಯಾನಿಕ್‌ನನ್ನು. ಅದಕ್ಕೆ ಕಾರಣ ಬಳ್ಳಾರಿ ಜಾಲಿ. ರಸ್ತೆಯ ಎರಡೂ ಬದಿಯ ಆ ಪೊದೆಗಳ ಮುಳ್ಳು ಒಣಗಿ ಉದುರಿ ಡಾಂಬರಿನ ಅಂಚಿಗೆ ಬಂದು ಬೀಳುತ್ತದೆ. ಪೇರಿಸಿ ಕಟ್ಟಿದ ಸೌದೆಯ ಗಾಡಿ ಹೋದ ದಿನವಂತೂ ಕೇಳಬೇಡಿ. ನಮ್ಮ ಮೆಕ್ಯಾನಿಕ್ ಮೊದಲು ಬಸ್ ನಿಲ್ದಾಣದ ಬಳಿ ಪಂಕ್ಚರ್ ಅಂಗಡಿ ಇಟ್ಟಿದ್ದವನು. ಟಯರನ್ನು ಬೆಳಕಿಗೆ ಹಿಡಿದು, ಹೆಬ್ಬೆರಳನ್ನು ಒಳಮೈಯ ಮೇಲೆ ನಿಧಾನವಾಗಿ ಆಡಿಸುತ್ತಾನೆ. ಒಂದು ಕಡೆ ಬೆರಳು ನಿಲ್ಲುತ್ತದೆ. ಕಣ್ಣಿಗೆ ಕಾಣದ, ಮುರಿದ ಮುಳ್ಳಿನ ತುದಿಯನ್ನು ಚಿಮಟಿಗೆಯಿಂದ ಎಳೆದು ಅಂಗೈ ಮೇಲೆ ಇಟ್ಟು ಹುಡುಗನಿಗೆ ತೋರಿಸುತ್ತಾನೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಮುಂದಿನ ಊರಿಗೆ ಅದೂ ಹೋಯಿತು. ಈಗ ಟ್ಯೂಬ್ ಇಲ್ಲದ ಟಯರುಗಳಿಗೆ ಅಂಟುದ್ರವ ಹಾಕಿಸಿ, ಸಣ್ಣ ತೂತು ತಾನಾಗಿಯೇ ಮುಚ್ಚಿಕೊಳ್ಳುವಂತೆ ಮಾಡಿದ್ದೇವೆ.

ಊಟದ ಬಗ್ಗೆ ನಮಗೆ ಹೆಚ್ಚು ತಲೆಬಿಸಿಯಿಲ್ಲ. ಯುರೋಪಿನ ತಂಡಗಳಲ್ಲಿ ಸವಾರರ ಜೇಬಿಗೆ ಅನ್ನವನ್ನು ಸಿಹಿ ಬೆರೆಸಿ ಒತ್ತಿ ಕೊಯ್ದ ಬಿಲ್ಲೆಗಳನ್ನು ಕಟ್ಟಿಕೊಡುತ್ತಾರೆ. ಗಂಗಾವತಿಯ ಸೋನಾ ಮಸೂರಿಗೆ ಬೆಲ್ಲ, ಚಿಟಿಕೆ ಉಪ್ಪು ಸೇರಿಸಿ ಮೆತ್ತಗೆ ಬೇಯಿಸಿ ನಾವೂ ಹಾಗೆಯೇ ಮಾಡುತ್ತೇವೆ. ಜೊತೆಗೆ ಶೇಂಗಾ ಉಂಡೆ. ಜೋಳದ ರೊಟ್ಟಿ ತಿನ್ನುವುದು ಸೈಕಲ್ ಇಳಿದ ಮೇಲೆ.

ಒಂದು ವಿಷಯದಲ್ಲಿ ನಾನು ಕಠೋರವಾಗಿದ್ದೇನೆ. 1998ರ ಜುಲೈನಲ್ಲಿ ಫೆಸ್ಟಿನಾ ತಂಡದ ಸಹಾಯಕನೊಬ್ಬ ಗಡಿಯಲ್ಲಿ ಕಾರಿನ ತುಂಬ ನಿಷೇಧಿತ ಔಷಧಗಳೊಂದಿಗೆ ಸಿಕ್ಕಿಬಿದ್ದ. ಆ ತಂಡವನ್ನು ಟೂರ್‌ನಿಂದ ಹೊರಹಾಕಿದರು. 2012ರಲ್ಲಿ ಲಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಏಳೂ ಟೂರ್ ಗೆಲುವುಗಳನ್ನು ಇದೇ ತಪ್ಪಿಗಾಗಿ ಅಳಿಸಿಹಾಕಲಾಯಿತು. ಎರಡೂ ಕಡೆ ತಪ್ಪು ಒಬ್ಬನದಾಗಿರಲಿಲ್ಲ, ತಂಡವೇ ಅದನ್ನು ನಡೆಸುತ್ತಿತ್ತು. ನಮ್ಮ ದೇಶದ ಕ್ರೀಡೆಗೂ ಈ ರೋಗ ಆಳವಾಗಿ ತಗುಲಿದೆ. ವ್ಯಾಯಾಮಶಾಲೆಯ ಗೆಳೆಯ ಕೊಟ್ಟ ಪುಡಿ, ಹೆಸರಿಲ್ಲದ ಚುಚ್ಚುಮದ್ದು, ಇವುಗಳಿಂದ ಹಳ್ಳಿಯ ಹುಡುಗರ ಬಾಳು ಹಾಳಾಗುತ್ತಿದೆ. ನೆಗಡಿ ಔಷಧಿಯನ್ನು ಕೂಡ ವೈದ್ಯರಿಗೆ ತೋರಿಸದೆ ನುಂಗಬಾರದು ಎಂದು ಹುಡುಗರಿಗೆ ಹೇಳಿದ್ದೇನೆ, ಅವರ ಮನೆಯವರನ್ನೂ ಕೂರಿಸಿಕೊಂಡು ಹೇಳಿದ್ದೇನೆ.

ಮೊದಲ ವರ್ಷ ನಾವು ರಾಜ್ಯದ ಮತ್ತು ರಾಷ್ಟ್ರಮಟ್ಟದ ಸ್ಪರ್ಧೆಗಳಿಗಷ್ಟೇ ಹೋಗುತ್ತೇವೆ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಬಹಳ ವರ್ಷಗಳಿಂದ ಕರ್ನಾಟಕದ ಸೈಕ್ಲಿಂಗನ್ನು ಹೊತ್ತು ನಡೆದಿದ್ದಾರೆ, ಅವರ ಜೊತೆ ತುಳಿದು ಕಲಿಯುವುದೇ ಬೇಕಾದಷ್ಟಿದೆ. ಕಾಂಟಿನೆಂಟಲ್ ನೋಂದಣಿಯ ಅರ್ಜಿ ಅದಾದ ಮೇಲೆ. ಹೆಣ್ಣುಮಕ್ಕಳ ತಂಡವನ್ನು ಬೇರೆಯಾಗಿಯೇ ಕಟ್ಟಬೇಕು. 2022ರಿಂದ ಮಹಿಳೆಯರ ಟೂರ್ ದ ಫ್ರಾನ್ಸ್ ಪ್ರತಿ ವರ್ಷ ನಡೆಯುತ್ತಿರುವಾಗ, ನಮ್ಮಲ್ಲಿ ಅಭ್ಯಾಸಕ್ಕೆ ಬರುತ್ತಿರುವ ಮೂವರು ಹುಡುಗಿಯರಿಗೆ ಆಮೇಲೆ ನೋಡೋಣ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಕೊನೆಗೆ ಕೇಳುಗರಲ್ಲಿ ಎರಡು ಕೋರಿಕೆಗಳಿವೆ. ಲಾರಿ, ಟ್ರ್ಯಾಕ್ಟರ್ ಓಡಿಸುವ ಅಣ್ಣಂದಿರೇ, ಬೆಳಗಿನ ಜಾವ ಓರೆ ಸಾಲಿನಲ್ಲಿ ಸೈಕಲ್ ತುಳಿಯುವ ಹುಡುಗರು ಕಂಡರೆ ಒಂದು ಮಾರಿನಷ್ಟು ಜಾಗ ಬಿಟ್ಟು ದಾಟಿ. ದಾಟುವಾಗ ಹಾರ್ನ್ ಒತ್ತಬೇಡಿ, ದೂರದಿಂದ ಒಮ್ಮೆ ಒತ್ತಿದರೆ ನಾವೇ ಒಂದೇ ಸಾಲಿಗೆ ಬರುತ್ತೇವೆ. ರೈತ ಬಂಧುಗಳೇ, ಸುಗ್ಗಿಯಲ್ಲಿ ರಸ್ತೆಯ ಮೇಲೆ ಕಾಳು ಹರವಿದಾಗ ಸುತ್ತ ಇಡುವ ಕಲ್ಲುಗಳನ್ನು ಸಂಜೆ ತೆಗೆದುಬಿಡಿ. ನಸುಗತ್ತಲಲ್ಲಿ ಗಂಟೆಗೆ ನಲವತ್ತು ಕಿಲೊಮೀಟರ್ ವೇಗದಲ್ಲಿ ಬರುವವನಿಗೆ ಆ ಕಲ್ಲು ಕಾಣುವುದಿಲ್ಲ.

ಅಕ್ಕಿ ಗಿರಣಿಗೆ ಹೋಗಿದ್ದ ಆ ಹುಡುಗ ಈಗ ಮತ್ತೆ ಸೈಕಲ್ ಏರಿದ್ದಾನೆ. ನಾನು ಮೊದಲು ಹೇಳಿದ ಆರು ಜನರಲ್ಲಿ, ಹೊರಗೆ ಬಂದು ಜಾಗ ಬಿಟ್ಟುಕೊಟ್ಟವನು ಅವನೇ. ಕರಾರಿನ ಪ್ರತಿಯನ್ನು ಹೋದ ವಾರ ಅವನ ಮನೆಗೆ ಒಯ್ದಿದ್ದೆ. ಅವನ ತಾಯಿ ಅದನ್ನು ಮಗಳ ಕೈಯಿಂದ ಓದಿಸಿ ಕೇಳಿದರು, ಎರಡನೆಯ ವರ್ಷದ ಸಾಲು ಬಂದಾಗ ಇನ್ನೊಮ್ಮೆ ಓದಲು ಹೇಳಿದರು. ಸಹಿ ಇನ್ನೂ ಆಗಿಲ್ಲ. ಬ್ಯಾಂಕಿನಲ್ಲಿ ಎಂಟು ತಿಂಗಳ ಹಣ ಸೇರಿದೆ, ನಾಲ್ಕು ತಿಂಗಳದ್ದು ಬಾಕಿಯಿದೆ.

ನಮಸ್ಕಾರ.