ಊರಲ್ಲಿ ಜನ ಎಷ್ಟು? ಬಸ್ಸು ಎಷ್ಟೊತ್ತಿಗೆ?

[ದೃಶ್ಯ: ಬೆಳಗಿನ ಹೊತ್ತು, ಹೆದ್ದಾರಿ ಪಕ್ಕ. ಬೇವಿನ ಮರದ ಕೆಳಗೆ ಎರಡು ಹೂವಿನ ಮೂಟೆ.]

ನಮಸ್ಕಾರ. ನಾನೀಗ ಶಿರಾ ತಾಲ್ಲೂಕಿನ ಒಂದು ಗೇಟ್‌ನಲ್ಲಿ ನಿಂತಿದ್ದೇನೆ. ಹುಡುಕಬೇಡಿ, ಇಲ್ಲಿ ಗೇಟೂ ಇಲ್ಲ, ಕಂಬವೂ ಇಲ್ಲ. ನಮ್ಮ ತುಮಕೂರು ಕಡೆ ಹೆದ್ದಾರಿಯಿಂದ ಊರ ದಾರಿ ಒಡೆಯುವ ಜಾಗಕ್ಕೆ ಗೇಟ್ ಅಂತಾರೆ, ಅಷ್ಟೆ. ಇಳಿದ ಮೇಲೆ ಊರು ಇನ್ನೂ ಮೂರು ಕಿಲೋಮೀಟರ್.

ಇದೇ ಊರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಜನ ಇಷ್ಟು, ಮನೆ ಇಷ್ಟು, ಬಸ್ ಇದೆ ಅಂತ ಬರುತ್ತದೆ. ಆ ಲೆಕ್ಕ 2011ರ ಜನಗಣತಿಯದು. ಆಮೇಲೆ ಇನ್ನೊಂದು ಜನಗಣತಿಯ ಲೆಕ್ಕ ಬಂದೇ ಇಲ್ಲ. 2021ರ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಈಗ ಗೊತ್ತುಮಾಡಿರುವುದು 2027. 2011ರಲ್ಲಿ ಅಂಗನವಾಡಿಗೆ ಹೋಗುತ್ತಿದ್ದ ಮಗು ಈಗ ಕಾಲೇಜಿನಲ್ಲಿದೆ!

[ಪರದೆ ಮೇಲೆ: ಕಂದಾಯ ಗ್ರಾಮದ ನಕ್ಷೆ, ಪಕ್ಕದಲ್ಲಿ ಒಂದು ಗೊಲ್ಲರಹಟ್ಟಿ.]

ಇನ್ನೊಂದು ತೊಡಕಿದೆ. ಗಣತಿಯ ಪಟ್ಟಿಯಲ್ಲಿ 'ಊರು' ಅಂದರೆ ಕಂದಾಯ ಗ್ರಾಮ. ಅದರ ಗಡಿಯೊಳಗಿನ ಹಟ್ಟಿ, ತಾಂಡಾ, ಕಾಲೋನಿ ಎಲ್ಲ ಒಂದೇ ಹೆಸರಿನ ಕೆಳಗೆ ಸೇರಿಹೋಗುತ್ತವೆ. ಇನ್ನು ಒಬ್ಬರೂ ವಾಸವಿಲ್ಲದೆ ಬರೀ ಹೆಸರು, ಹೊಲ ಉಳಿದಿರುವ ಊರುಗಳೂ ಇವೆ. ಕಂದಾಯ ಇಲಾಖೆ ಅವನ್ನು ಬೇಚರಾಕ್ ಗ್ರಾಮ ಅನ್ನುತ್ತದೆ. ಮೂಲ ಪದ ಬೇ-ಚಿರಾಗ್: ಬೇ ಅಂದರೆ ಇಲ್ಲದ, ಚಿರಾಗ್ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಸರ್ಕಾರಿ ಕಡತದಲ್ಲಿ ಇಂಥ ಪದ ಸಿಕ್ಕಿದ್ದು ನನಗಂತೂ ಆಶ್ಚರ್ಯ.

ಈ ಲೆಕ್ಕದ ಮೇಲೆ ರಸ್ತೆಯೂ ನಿಂತಿದೆ. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ, ಬಯಲುಸೀಮೆಯಲ್ಲಿ ರಸ್ತೆ ಇಲ್ಲದ ಜನವಸತಿಗೆ 2001ರ ಗಣತಿಯಂತೆ 500 ಜನ ಇರಬೇಕಿತ್ತು. ಗಮನಿಸಿ, ಅಲ್ಲಿ ನೋಡುವುದು ಇಡೀ ಕಂದಾಯ ಗ್ರಾಮವನ್ನಲ್ಲ, ಜನವಸತಿಯನ್ನು. ಉದಾಹರಣೆಗೆ ಪಟ್ಟಿಯಲ್ಲಿ ಊರಿಗೆ 1,400 ಅಂತ ಇರಬಹುದು. ದೂರದ ಹಟ್ಟಿಯಲ್ಲಿ 300 ಜನ ಇದ್ದರೆ ಆ 1,400 ಅವರ ನೆರವಿಗೆ ಬರುವುದಿಲ್ಲ.

ಊರು ಬಿಟ್ಟ ಜನ ಎಲ್ಲಿ ಹೋದರು ಅಂತ ಕೇಳುತ್ತೀರಾ? 2001ರಲ್ಲಿ ತುಮಕೂರು ಜಿಲ್ಲೆಯಲ್ಲಿ 25,84,711 ಜನ. ಹತ್ತು ವರ್ಷದ ಮೇಲೆ 26,78,980. ಏರಿದ್ದು ಒಂದು ಲಕ್ಷಕ್ಕೂ ಕಡಿಮೆ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಈ ಹೆದ್ದಾರಿ ಹೋಗುವುದೂ ಅತ್ತಲೇ ಅಲ್ವಾ?

[ದೃಶ್ಯ: ಗಣತಿ ಕೈಪಿಡಿಯ ಪುಟ, ಹತ್ತಿರದಿಂದ.]

ಈಗ ಬಸ್ಸಿನ ಕಾಲಂ ನೋಡಿ. ಸರ್ಕಾರಿ ಬಸ್ ಬೇರೆ, ಖಾಸಗಿ ಬಸ್ ಬೇರೆ. ಇಲ್ಲದಿದ್ದರೆ ಎಷ್ಟು ದೂರದಲ್ಲಿ ಸಿಗುತ್ತದೆ ಅಂತ ಮೂರು ಗುರುತು: 5 ಕಿ.ಮೀ. ಒಳಗೆ, 5ರಿಂದ 10, ಅದಕ್ಕಿಂತ ಜಾಸ್ತಿ. ದಿನಕ್ಕೆ ಎಷ್ಟು ಟ್ರಿಪ್, ಎಷ್ಟೊತ್ತಿಗೆ ಅನ್ನುವುದಕ್ಕೆ ಜಾಗವೇ ಇಲ್ಲ. ಆರು ಟ್ರಿಪ್ ಇದ್ದರೂ 'ಇದೆ', ರಾತ್ರಿ ಬಂದು ಮಲಗಿ ಬೆಳಗ್ಗೆ ಎದ್ದು ಹೋಗುವ ಒಂದು ನೈಟ್ ಹಾಲ್ಟ್ ಬಸ್ಸಿದ್ದರೂ 'ಇದೆ'.

ಸರ್ಕಾರಿ, ಖಾಸಗಿ ಅನ್ನುವ ವ್ಯತ್ಯಾಸ ಈಗ ಇನ್ನೂ ಮುಖ್ಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆದರೆ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಪಾವಗಡ, ಮಧುಗಿರಿ ಕಡೆ ಖಾಸಗಿ ಬಸ್ಸುಗಳೇ ಓಡುವ ದಾರಿಯಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ನಕ್ಕು ಚೀಟಿ ಹರಿದು ಕೊಡುತ್ತಾನೆ. ಸರ್ಕಾರಿ ಬಸ್ಸು ಗೇಟ್‌ವರೆಗೆ ಮಾತ್ರ ಬರುವ ಊರಲ್ಲಿ ತುಮಕೂರಿನವರೆಗೂ ಪುಕ್ಕಟೆ, ಕೊನೆಯ ಮೂರು ಕಿಲೋಮೀಟರ್ ಆಟೋಗೆ ದುಡ್ಡು.

ಪಕ್ಕದಲ್ಲಿ ಕೂತಿರುವ ಅಜ್ಜಿಗೆ ಇದೆಲ್ಲ ವಿವರಿಸಿದೆ. ಮೂಟೆಯ ಮೇಲೆ ನೀರು ಚಿಮುಕಿಸುತ್ತಾ ಕೇಳಿದರು, 'ಅದೆಲ್ಲ ಇರ್ಲಪ್ಪ, ಬಸ್ಸು ತಿರ್ಗಿ ಬರೋದು ಎಷ್ಟೊತ್ಗೆ ಅಂತ ಅದ್ರಲ್ಲಿ ಐತಾ?'

ಇಲ್ಲ ಅಜ್ಜಿ.

[ದೃಶ್ಯ: ಬಸ್ಸು ತಿರುಗುತ್ತದೆ. ಮೂಟೆಗೆ ಇಬ್ಬರು ಕೈ ಹಾಕುತ್ತಾರೆ.]