ನ್ಯೂಮನ್ ಸಭೆ ಬದಲಿಸಿದ್ದು, ಗೆಳೆತನ ಉಳಿದದ್ದು

ಕೇಳುಗರಿಗೆ ನಮಸ್ಕಾರ.

ನಮ್ಮ ಎಷ್ಟೋ ಊರುಗಳಲ್ಲಿ ಕಥೋಲಿಕ ಚರ್ಚೂ ಇದೆ, ಪ್ರೊಟೆಸ್ಟಂಟರ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚೂ ಇದೆ. ಎರಡೂ ಕಡೆ ಪೂಜಿಸುವುದು ಅದೇ ಯೇಸುವನ್ನು. ಆದರೂ ವಯಸ್ಸಾದ ಮೇಲೆ ಒಬ್ಬರು ಒಂದು ಸಭೆ, ಅಂದರೆ ಕ್ರೈಸ್ತ ಪಂಗಡ, ಬಿಟ್ಟು ಇನ್ನೊಂದಕ್ಕೆ ಹೋಗ್ತೀನಿ ಅಂದರೆ ಮನೆಯಲ್ಲಿ ರಾದ್ಧಾಂತವಾಗುತ್ತದೆ. ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ?’ ಎನ್ನುತ್ತಾರೆ. ಅಂಥವರನ್ನು ಕಂಡಾಗಲೆಲ್ಲ ನನಗೆ ಇಂಗ್ಲೆಂಡಿನ ಜಾನ್ ಹೆನ್ರಿ ನ್ಯೂಮನ್ ನೆನಪಾಗುತ್ತಾರೆ.

ನ್ಯೂಮನ್ ಹುಟ್ಟಿದ್ದು 1801ರಲ್ಲಿ. ಆಂಗ್ಲಿಕನ್, ಅಂದರೆ ರೋಮಿನ ಪೋಪರಿಂದ ಬೇರೆಯಾದ ಇಂಗ್ಲೆಂಡಿನ ಸಭೆಯ, ಪಾದ್ರಿ. ಆಕ್ಸ್‌ಫರ್ಡಿನ ಸೇಂಟ್ ಮೇರಿ ಚರ್ಚಿನಲ್ಲಿ ಅವರ ಪ್ರಸಂಗ ಕೇಳಲು ವಿದ್ಯಾರ್ಥಿಗಳು ಮುಗಿಬೀಳುತ್ತಿದ್ದರು. 1833ರಿಂದ ಗೆಳೆಯರಾದ ಜಾನ್ ಕೀಬಲ್, ಎಡ್ವರ್ಡ್ ಪ್ಯೂಸಿ ಅವರ ಜೊತೆ ತಮ್ಮ ಸಭೆಯನ್ನು ಸರಿಮಾಡಲು ದುಡಿದರು. ಅದನ್ನು ಬಿಡುವ ಯೋಚನೆಯೇ ಇರಲಿಲ್ಲ.

1839ರ ಬೇಸಿಗೆಯಲ್ಲಿ ಅವರು ಐದನೇ ಶತಮಾನದ ಸಭಾ ಜಗಳಗಳ ಚರಿತ್ರೆ ಓದುತ್ತಿದ್ದರು. 451ರಲ್ಲಿ ಬಿಷಪರು ಸೇರಿ ಯೇಸುವಿನ ಸ್ವರೂಪದ ಬಗ್ಗೆ ತೀರ್ಮಾನಿಸಿದ ಕಾಲ್ಸಿದೋನ್ ಮಹಾಸಭೆಯ ಕಾಲ. ಒಂದು ಕಡೆ ರೋಮಿನ ಪೋಪರು, ಇನ್ನೊಂದು ಕಡೆ ಆ ತೀರ್ಮಾನ ಒಪ್ಪದೆ ಬೇರೆಯಾದವರು. ತಮ್ಮ ಸಭೆ ಈಗ ನಿಂತಿರುವುದೂ ಆ ಬೇರೆಯಾದವರ ಜಾಗದಲ್ಲೇ ಅಲ್ಲವೇ ಎಂಬ ಅನುಮಾನ ಹೊಕ್ಕಿತು. ಆದರೂ ತಕ್ಷಣ ಹೊರಡಲಿಲ್ಲ. ಆರು ವರ್ಷ ತಡೆದರು. ನನಗೆ ಈ ಆರು ವರ್ಷವೇ ಎಲ್ಲಕ್ಕಿಂತ ಜಾಸ್ತಿ ಮುಖ್ಯ. ಸುಮ್ನೆ ದುಡುಕುವವರು ಇಷ್ಟು ಕಾಯುತ್ತಾರಾ?

1843ರಲ್ಲಿ ಚರ್ಚಿನ ಕೆಲಸ ಬಿಟ್ಟರು. ಲಿಟಲ್‌ಮೋರ್ ಹಳ್ಳಿಯಲ್ಲಿ ಅವರು ಮಾಡಿದ ಕೊನೆಯ ಪ್ರಸಂಗ ಗೆಳೆಯರ ಅಗಲಿಕೆಯ ಬಗ್ಗೆ. ಕೇಳುತ್ತಿದ್ದವರು ಬಿಕ್ಕಿ ಬಿಕ್ಕಿ ಅತ್ತರು. 1845ರ ಅಕ್ಟೋಬರ್ 8ರ ರಾತ್ರಿ ಡೊಮಿನಿಕ್ ಬಾರ್ಬೆರಿ ಎಂಬ ಇಟಲಿಯ ಕಥೋಲಿಕ ಗುರುಗಳು ಜೋರು ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಅಲ್ಲಿಗೆ ಬಂದರು. ಬೆಂಕಿಯ ಮುಂದೆ ಬಟ್ಟೆ ಒಣಗಿಸಿಕೊಳ್ಳುತ್ತಿದ್ದರು. ಅಷ್ಟರಲ್ಲೇ ನ್ಯೂಮನ್ ಬಂದು ಅವರ ಕಾಲಿಗೆ ಬಿದ್ದು, ತಮ್ಮನ್ನು ಸಭೆಗೆ ಸೇರಿಸಿಕೊಳ್ಳಿ ಎಂದು ಬೇಡಿಕೊಂಡರು. ಮರುದಿನ ಕಥೋಲಿಕರಾದರು. ಆಗ ಅವರಿಗೆ 44 ವರ್ಷ. ತಂಗಿ ಹ್ಯಾರಿಯಟ್ ಸಂಬಂಧ ಕಡಿದುಕೊಂಡರು. ಹೊಸ ಸಭೆಯಲ್ಲೂ ಕೆಲವರು ವರ್ಷಗಟ್ಟಲೆ ಅವರನ್ನು ಅನುಮಾನದಿಂದಲೇ ನೋಡಿದರು.

ಇಲ್ಲಿ ಒಂದು ಮಾತು. ಕ್ರೈಸ್ತರಾಗುವಾಗ ನೀರಿನಿಂದ ಕೊಡುವ ಸಂಸ್ಕಾರವೇ ದೀಕ್ಷಾಸ್ನಾನ. ಹಿಂದಿನದು ಸರಿಯಾಗಿ ಆಗಿರದಿದ್ದರೆ ಎಂಬ ಅನುಮಾನಕ್ಕೆ, ‘ಹಿಂದೆ ಆಗಿರದಿದ್ದರೆ ಮಾತ್ರ’ ಎಂಬ ಷರತ್ತಿನ ಮೇಲೆ ಆಗೆಲ್ಲ ಅದನ್ನು ಮತ್ತೊಮ್ಮೆ ಕೊಡುತ್ತಿದ್ದರು. ನ್ಯೂಮನ್ ಅವರಿಗೂ ಕೊಟ್ಟರು. ಈಗ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ದೀಕ್ಷಾಸ್ನಾನ ಆಗಿದ್ದರೆ ಕಥೋಲಿಕ ಸಭೆ ಅದನ್ನು ಒಪ್ಪುತ್ತದೆ. ಬಂದವರು ಪಾಪನಿವೇದನೆ ಮಾಡಿ, ತಮ್ಮ ವಿಶ್ವಾಸವನ್ನು ಎಲ್ಲರೆದುರು ಹೇಳಿ, ದೃಢೀಕರಣ (ವಿಶ್ವಾಸವನ್ನು ಗಟ್ಟಿಗೊಳಿಸುವ ಸಂಸ್ಕಾರ), ಪರಮಪ್ರಸಾದ (ಪೂಜೆಯಲ್ಲಿ ಯೇಸುವಿನ ದೇಹವೆಂದು ಸ್ವೀಕರಿಸುವ ರೊಟ್ಟಿ) ಪಡೆಯುತ್ತಾರೆ. ಹಿಂದಿನ ಸಭೆ ಕೊಟ್ಟದ್ದು ಅಳಿಸಿಹೋಗುವುದಿಲ್ಲ. ಜಗಳವಾಡುವ ಮನೆಗಳಿಗೆ ಇದು ಗೊತ್ತಾಗಬೇಕು ಎಂಬುದು ನನ್ನ ಆಸೆ.

1865ರ ಸೆಪ್ಟೆಂಬರ್‌ನಲ್ಲಿ ನ್ಯೂಮನ್ ಹರ್ಸ್‌ಲಿ ಎಂಬಲ್ಲಿದ್ದ ಕೀಬಲ್ ಮನೆಗೆ ಹೋದರು. ಬಾಗಿಲಲ್ಲಿ ಇಬ್ಬರಿಗೂ ಒಬ್ಬರ ಗುರುತು ಒಬ್ಬರಿಗೆ ಹತ್ತಲಿಲ್ಲ. ಒಳಗೆ ಪ್ಯೂಸಿಯೂ ಇದ್ದರು. ಮೂವರೂ ಒಟ್ಟಿಗೆ ಕೂತು ಊಟ ಮಾಡಿದರು. ಮರುವರ್ಷವೇ ಕೀಬಲ್ ತೀರಿಕೊಂಡರು. ಅವರೂ ಪ್ಯೂಸಿಯೂ ಕೊನೆವರೆಗೆ ಆಂಗ್ಲಿಕನರಾಗಿಯೇ ಉಳಿದರು. ನ್ಯೂಮನ್ 1879ರಲ್ಲಿ ಕಾರ್ಡಿನಲ್, ಅಂದರೆ ಕಥೋಲಿಕ ಸಭೆಯಲ್ಲಿ ಪೋಪರ ನಂತರದ ಪದವಿಯವರು, ಆದರು.

2019ರ ಅಕ್ಟೋಬರ್ 13ರಂದು ರೋಮಿನಲ್ಲಿ ನ್ಯೂಮನ್ ಅವರನ್ನು ಸಂತರೆಂದು ಸಾರಿದರು. ಕೇರಳದ ಮರಿಯಂ ತ್ರೇಸ್ಯಾ ಅವರೂ ಅದೇ ದಿನ ಸಂತರಾದರು. ಮುಂದೆ ಇಂಗ್ಲೆಂಡಿನ ಆಂಗ್ಲಿಕನ್ ಸಭೆಗೆ ಮುಖ್ಯಸ್ಥರಾಗಲಿದ್ದ ರಾಜಕುಮಾರ ಚಾರ್ಲ್ಸ್ ಆ ದಿನದ ಬಲಿಪೂಜೆಗೆ (ಕಥೋಲಿಕರ ಮುಖ್ಯ ಆರಾಧನೆ) ತಾವೇ ಬಂದಿದ್ದರು.

ನಮಸ್ಕಾರ.